ಪುಕ್ಕಟೆ ಸಿಕ್ಕಿದ್ದಕ್ಕೆ ಒಡೆಯ ಇಲ್ವಾ?

ಗಾಣಗಾಪುರದ ಬಸ್ಸಿಗೆ ಕಾಯುತ್ತಾ ಚೌಡಾಪುರದ ಒಂದು ಝೆರಾಕ್ಸ್ ಅಂಗಡಿಯಲ್ಲಿ ಕೂತಿದ್ದೆ. ಹುಡುಗ ಯಾರದೋ ಅರ್ಜಿಯನ್ನು 'ನುಡಿ'ಯಲ್ಲಿ ಟೈಪ್ ಮಾಡ್ತಿದ್ದ. ಈ ಸಾಫ್ಟ್‌ವೇರ್ ಯಾರದಪ್ಪಾ ಅಂದೆ. "ಯಾರಿಗ್ ಗೊತ್ರೀ ಸರ, ಪುಕ್ಕಟೆ ಸಿಗ್ತದ" ಅಂದ. ಇಂಜಿನಿಯರಿಂಗ್ ಓದುವಾಗ ನನಗೂ ಅಷ್ಟೇ ಗೊತ್ತಿತ್ತು ಬಿಡಿ.

ಅವನ ಬೆರಳು ಓಡುತ್ತಿದ್ದ ಕೀಲಿಮಣೆ ವಿನ್ಯಾಸ ಕೆ.ಪಿ. ರಾವ್ ಅವರದ್ದು. ಸರ್ಕಾರ ಅದನ್ನೇ ಒಪ್ಪಿಕೊಂಡಿತು. ರಾವ್ ಹಕ್ಕು ಹಿಡಿದು ಕೂರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ 'ಬರಹ' ತಂತ್ರಾಂಶವನ್ನು ಉಚಿತವಾಗಿಯೇ ಹಂಚಿದರು. ಆದರೆ ಮುಂದೆ, ಸರ್ಕಾರದ ಬೆಂಬಲವಿದ್ದ 'ನುಡಿ'ಯಲ್ಲಿ ತಮ್ಮ ಫಾಂಟುಗಳ ನಕಲಿದೆ ಅಂತ ಅವರೇ ಆರೋಪ ಮಾಡಬೇಕಾಯಿತು. ಕಾಸು ಕೇಳದವನು ಹಕ್ಕನ್ನೂ ಬಿಟ್ಟುಕೊಟ್ಟ ಅಂತ ಅರ್ಥವಾ? ಖಂಡಿತ ಅಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ತಿದ್ದುಪಡಿಯಾಗಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಗಳ ಸಾಲಿಗೆ ಸೇರಿತು. ಹೌದು, ಕಾದಂಬರಿ ಪಕ್ಕದಲ್ಲೇ! ಸ್ವಂತಕ್ಕೆ ಬರೆದರೆ ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯವಲ್ಲ, ವೃತ್ತದೊಳಗಿನ 'ಸಿ' ಗುರುತೂ ಕಡ್ಡಾಯವಲ್ಲ. ಆದರೂ ಹಾಕಿ ಅಂತೀನಿ. ಹೆಸರು, ವರ್ಷ, ಯಾವ ಷರತ್ತಿನ ಮೇಲೆ ಕೊಡ್ತಿದ್ದೀರಿ ಅನ್ನೋ ಒಂದು ಸಾಲು ಇದ್ದರೆ, ನಕಲು ಮಾಡಿದವನು 'ನನಗೆ ಗೊತ್ತೇ ಇರಲಿಲ್ಲ' ಅನ್ನೋದು ಕಷ್ಟ.

ಬಸ್ಸು ಬಂತು. ಹೊರಡುವ ಮುಂಚೆ ಆ ಇಬ್ಬರ ಹೆಸರು ಹೇಳಿದೆ. "ನಮ್ ಕನ್ನಡದವರೇ ಏನ್ರೀ?" ಅಂದ ಹುಡುಗ.