ಬಟನ್ ಯಾಕೆ ಸಾಯಲಿಲ್ಲ? ಗೇಮ್ ಕಂಟ್ರೋಲರ್ ಕಥೆ, 7 ಭಾಗಗಳಲ್ಲಿ

1/7
ಮುಂದೊಂದು ದಿನ ಬಟನ್ ಇರೋ ಕಂಟ್ರೋಲರ್ ಮ್ಯೂಸಿಯಂ ಸೇರಿ, ನಾವೆಲ್ಲ ಗಾಳಿಯಲ್ಲಿ ಕೈ ಬೀಸಿಕೊಂಡೇ ಗೇಮ್ ಆಡ್ತೀವಾ? ಕೇಳೋಕೆ ಭವಿಷ್ಯದ ಪ್ರಶ್ನೆ ಥರ ಇದೆ. ಆದರೆ ತುಂಬಾ ಹಳೇದು. ದೊಡ್ಡ ದೊಡ್ಡ ಕಂಪನಿಗಳು ಇದಕ್ಕೆ "ಹೌದು" ಅಂತ ಹೇಳಿ ದುಡ್ಡು ಸುರಿದಿವೆ. ಅದರಲ್ಲಿ ಮೂರು ಪ್ರಯತ್ನಗಳನ್ನ ನೋಡೋಣ. ಉತ್ತರ ತಾನಾಗೇ ಹೊರಗೆ ಬರುತ್ತೆ.

2/7 ಮೊದಲು ಬಟನ್ ಕಥೆ
1982. ನಿಂಟೆಂಡೊ ಕಂಪನಿಯ ಗುನ್‌ಪೇ ಯೊಕೊಯಿ ಅವರ ಮುಂದೆ ಒಂದು ಸಮಸ್ಯೆ ಇತ್ತು. 'ಡಾಂಕಿ ಕಾಂಗ್' ಆಟವನ್ನ ಜೇಬಿಗೆ ಹಿಡಿಸೋ 'ಗೇಮ್ ಅಂಡ್ ವಾಚ್'ಗೆ ತರಬೇಕು. ಆರ್ಕೇಡ್ ಯಂತ್ರದ ಉದ್ದ ಜಾಯ್‌ಸ್ಟಿಕ್ ಅದರಲ್ಲಿ ಹಿಡಿಸಲ್ಲ. ಅವರಿಗೆ ಹೊಳೆದದ್ದು ಪ್ಲಸ್ ಆಕಾರದ ಚಪ್ಪಟೆ ಬಟನ್. ನಾವು ಡಿ-ಪ್ಯಾಡ್ ಅನ್ನೋದು ಅದನ್ನೇ. 1997ರಲ್ಲಿ ಸೋನಿಯ ಡ್ಯುಯಲ್‌ಶಾಕ್ ಬಂತು: ಎರಡು ಸ್ಟಿಕ್, ಜೊತೆಗೆ ಕೈಗೆ ಗೊತ್ತಾಗೋ ಕಂಪನ. ಇವತ್ತಿನ ಕಂಟ್ರೋಲರ್ ಹೆಚ್ಚುಕಡಿಮೆ ಅದೇ ರೂಪದಲ್ಲಿದೆ.

ಬಟನ್‌ನ ಶಕ್ತಿ ಏನು ಗೊತ್ತಾ? ಬೆರಳು ಕೆಲವೇ ಮಿಲಿಮೀಟರ್ ಆಡಿದ್ರೆ ಸಾಕು, ಪರದೆ ಮೇಲಿರೋನು ಗೋಡೆ ಹಾರ್ತಾನೆ. ಒತ್ತಿದ್ರೆ ಒತ್ತಿದ ಹಾಗೆ, ಅನುಮಾನವೇ ಇಲ್ಲ. ಆದರೆ ಅಭ್ಯಾಸ ಇಲ್ಲದವರಿಗೆ? ಅಷ್ಟೆಲ್ಲ ಬಟನ್ ಇರೋ ಆ ವಸ್ತುವನ್ನ ನಿಮ್ಮಜ್ಜಿ ಕೈಗೆ ಕೊಟ್ಟು ನೋಡಿ. ಹಿಡಿಯೋದು ಹೇಗೆ ಅಂತಾನೇ ತಿಳಿಯದೆ ವಾಪಸ್ ಕೊಡ್ತಾರೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

3/7 ಮೊದಲ ಪ್ರಯತ್ನ: 1989, ಪವರ್ ಗ್ಲವ್
ಅಮೆರಿಕದ ಆಟಿಕೆ ಕಂಪನಿ ಮ್ಯಾಟೆಲ್, ನಿಂಟೆಂಡೊ ಯಂತ್ರಕ್ಕೆ ಒಂದು ಕೈಗವಸು ಮಾಡ್ತು. ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನ ಬಳಸಿ, ಟಿವಿ ಸುತ್ತ ಇಟ್ಟ ಸೆನ್ಸರ್‌ಗಳು ಕೈ ಎಲ್ಲಿದೆ ಅಂತ ಲೆಕ್ಕ ಹಾಕ್ತಿದ್ವು. ನೋಡೋಕೆ ಸೂಪರ್. ಅದೇ ವರ್ಷ 'ದಿ ವಿಝರ್ಡ್' ಅನ್ನೋ ಸಿನಿಮಾದಲ್ಲೂ ಕಾಣಿಸಿಕೊಳ್ತು. ಆದರೆ ಆಡೋಕೆ ಕೂತ್ರೆ ಹೇಳಿದ ಮಾತೇ ಕೇಳ್ತಿರಲಿಲ್ಲ. ಅದಕ್ಕಂತಲೇ ತಯಾರಾಗಿ ಬಂದ ಗೇಮ್‌ಗಳು ಬರೀ ಎರಡು. ಉಳಿದವೆಲ್ಲ ಬಟನ್‌ಗಾಗಿ ಹುಟ್ಟಿದ ಆಟಗಳು. ಅವನ್ನ ಕೈಗವಸು ಹಾಕ್ಕೊಂಡು ಆಡೋದು ಅಂದ್ರೆ ಬಾಕ್ಸಿಂಗ್ ಗ್ಲೌಸ್ ಹಾಕ್ಕೊಂಡು ಸೂಜಿಗೆ ದಾರ ಪೋಣಿಸಿದ ಹಾಗೆ.

4/7 ಎರಡನೇದು: 2006, ವೀ
ನಿಂಟೆಂಡೊ ಅಧ್ಯಕ್ಷ ಸಟೋರು ಇವಾಟಾ ಬೇರೆ ದಾರಿ ಹಿಡಿದ್ರು. ಗೇಮ್ ಆಡದೇ ಇರೋರನ್ನ ಹೇಗೆ ಕರೆತರೋದು ಅನ್ನೋದೇ ಅವರ ಚಿಂತೆ. 2005ರ ಟೋಕಿಯೊ ಗೇಮ್ ಶೋನಲ್ಲಿ ಅವರು ತೋರಿಸಿದ ಕಂಟ್ರೋಲರ್ ಟಿವಿ ರಿಮೋಟ್ ಥರ ಇತ್ತು. ರಿಮೋಟ್ ಹಿಡಿಯೋಕೆ ಯಾರಿಗೆ ಭಯ ಹೇಳಿ?

ಗೆದ್ದುಬಿಟ್ಟರು. ವೀ ಮಾರಾಟ 10 ಕೋಟಿ ದಾಟ್ತು. 'ವೀ ಸ್ಪೋರ್ಟ್ಸ್'ನಲ್ಲಿ ತಾತ ಮೊಮ್ಮಗ ಸೇರಿ ಬೌಲಿಂಗ್ ಆಡಿದ್ರು. ಜೋಶ್‌ನಲ್ಲಿ ಕೈ ಬೀಸಿ ರಿಮೋಟ್ ಹಾರಿಹೋಗೋದೂ ಶುರುವಾಗಿ, ಡಿಸೆಂಬರ್‌ನಲ್ಲೇ ನಿಂಟೆಂಡೊ ಸುಮಾರು 32 ಲಕ್ಷ ಮಣಿಕಟ್ಟಿನ ಪಟ್ಟಿಗಳನ್ನ ಬದಲಿಸಿ ಕೊಡೋಕೆ ಮುಂದಾಯ್ತು!

ಆದರೆ ಆ ರಿಮೋಟ್‌ಗೆ ವೇಗದ ಬದಲಾವಣೆ ಗೊತ್ತಾಗ್ತಿತ್ತೇ ಹೊರತು, ಕೈ ಎಲ್ಲಿದೆ ಅನ್ನೋದು ಸರಿಯಾಗಿ ಗೊತ್ತಾಗ್ತಿರಲಿಲ್ಲ. ಪೂರ್ತಿ ತೋಳು ಬೀಸಿದ್ರೂ ಒಂದೇ, ಸೋಫಾದಲ್ಲಿ ಕೂತು ಮಣಿಕಟ್ಟು ಒದರಿದ್ರೂ ಒಂದೇ. ಈ ಗುಟ್ಟು ಜನರಿಗೆ ಬೇಗ ಗೊತ್ತಾಯ್ತು. ಕೂತೇ ಒದರೋದಾದ್ರೆ ಬಟನ್ನೇ ಸಾಕಲ್ವಾ? 2009ರಲ್ಲಿ ಗೈರೋಸ್ಕೋಪ್ ಇರೋ ಮೋಷನ್‌ಪ್ಲಸ್ ಬಂತು, ತಿರುವು ಚೆನ್ನಾಗಿ ತಿಳಿಯೋ ಹಾಗಾಯ್ತು. ಆದರೆ ಅಷ್ಟರಲ್ಲಿ ವೀ ಹೊಸತನ ಹಳತಾಗ್ತಾ ಬಂದಿತ್ತು.

5/7 ಮೂರನೇದು: 2010, ಕೈನೆಕ್ಟ್
ಮೈಕ್ರೋಸಾಫ್ಟ್ ಇನ್ನೂ ಮುಂದೆ ಹೋಗಿ ಕಂಟ್ರೋಲರ್ ಅನ್ನೇ ತೆಗೆದುಹಾಕ್ತು. ನಿಮ್ಮ ಮೈಯೇ ಕಂಟ್ರೋಲರ್ ಅಂತು. ಕ್ಯಾಮೆರಾ ನಿಮ್ಮ ದೇಹದ 20 ಬಿಂದುಗಳನ್ನ ಗುರುತಿಸ್ತಿತ್ತು. ಮೊದಲ 60 ದಿನದಲ್ಲಿ 80 ಲಕ್ಷ ಮಾರಾಟ, ಗಿನ್ನೆಸ್ ದಾಖಲೆ.

ಆಮೇಲೆ ಕಷ್ಟ ಶುರುವಾಯ್ತು. ಒಬ್ಬರು ಆಡೋಕೆ ಕ್ಯಾಮೆರಾದಿಂದ ಸುಮಾರು 6 ಅಡಿ ದೂರ ಬೇಕು, ಇಬ್ಬರಾದ್ರೆ 8 ಅಡಿ. ಎಷ್ಟು ಮನೆಯ ಹಾಲ್‌ನಲ್ಲಿ ಅಷ್ಟು ಜಾಗ ಖಾಲಿ ಇರುತ್ತೆ? ಕೈಯಾಡಿಸಿದ್ದಕ್ಕೂ ಪರದೆ ಮೇಲೆ ಆಗೋದಕ್ಕೂ ನಡುವೆ ಸಣ್ಣ ತಡ ಬೇರೆ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಆಟದಲ್ಲಿ ಒಂದು ಮೈಲಿ ನಡೀಬೇಕು ಅಂದ್ರೆ ನೀವು ಹಾಲ್‌ನಲ್ಲಿ ಎಲ್ಲಿಗೆ ನಡೀತೀರಿ? ಸ್ಟಿಕ್ ಮುಂದಕ್ಕೆ ತಳ್ಳಿದ್ರೆ ಮುಗಿಯೋ ಕೆಲಸ ಅದು.

2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಜೊತೆ ಕೈನೆಕ್ಟ್ ಕಡ್ಡಾಯವಾಗಿ ಬಂತು, ಬೆಲೆ 499 ಡಾಲರ್. ಪಕ್ಕದಲ್ಲಿ ಪ್ಲೇಸ್ಟೇಷನ್ 4 ಬೆಲೆ 399. ಮುಂದಿನ ವರ್ಷವೇ ಕೈನೆಕ್ಟ್ ಇಲ್ಲದ ಪೆಟ್ಟಿಗೆ 399ಕ್ಕೆ ಬಂತು. 2017ರಲ್ಲಿ ತಯಾರಿಕೆಯೇ ನಿಂತ್ಹೋಯ್ತು.

6/7 ಹಾಗಾದ್ರೆ ಮೋಷನ್ ಸತ್ತುಹೋಯ್ತಾ?
ಇಲ್ಲ, ನಿಮ್ಮ ಜೇಬಲ್ಲೇ ಇದೆ. ಬಿಜಿಎಂಐನಲ್ಲಿ ಗೈರೋ ಆನ್ ಮಾಡಿ, ಫೋನನ್ನ ಚೂರೇ ಚೂರು ವಾಲಿಸಿ ಗುರಿ ಸರಿಮಾಡ್ಕೊಳ್ತೀರಲ್ಲ? ಅದೇ ಇದು. 'ಸ್ಪ್ಲಟೂನ್'ನಲ್ಲೂ ಇದೇ ಕ್ರಮ: ದೊಡ್ಡ ತಿರುವಿಗೆ ಸ್ಟಿಕ್, ಸಣ್ಣ ತಿದ್ದುಪಡಿಗೆ ಕೈಯ ಚಲನೆ. ವಿಆರ್‌ನಲ್ಲಂತೂ ಕೈ ಆಡಿಸೋದೇ ಆಟ. ಆದರೂ ಮೆಟಾ ಕ್ವೆಸ್ಟ್ ಕಂಟ್ರೋಲರ್ ಎತ್ತಿ ನೋಡಿ, ಅದರ ಮೇಲೂ ಬಟನ್ ಇದೆ, ಸ್ಟಿಕ್ ಇದೆ.

ಅಂದ್ರೆ ಬಟನ್ ಜಾಗ ಕಿತ್ತುಕೊಳ್ಳೋಕೆ ಹೋದಾಗ ಮೋಷನ್ ಸೋತಿದೆ, ಪಕ್ಕದಲ್ಲಿ ಕೂತಾಗ ಗೆದ್ದಿದೆ.

7/7 ಆದರೆ ನಾವು ಕೇಳಬೇಕಾದ ಪ್ರಶ್ನೆ
ಯಾವುದು ಗೆಲ್ಲುತ್ತೆ ಅನ್ನೋದಕ್ಕಿಂತ, ಯಾರು ಹೊರಗೆ ಉಳಿದ್ರು ಅಂತ ಕೇಳಿ ನೋಡಿ. ಬಟನ್ ಅಜ್ಜಿಯನ್ನ ಹೊರಗಿಡ್ತು. ವೀ ಅವರನ್ನ ಒಳಗೆ ಕರೀತು. ಆದರೆ ನಿಂತು, ಕೈ ಬೀಸಿ ಆಡಬೇಕು ಅಂದಾಗ, ನಿಲ್ಲೋಕೆ ಆಗದವರು, ಕೈ ಎತ್ತೋಕೆ ಆಗದವರು ಹೊರಗಾದ್ರು.

2011ರ 'ಝೆಲ್ಡಾ: ಸ್ಕೈವರ್ಡ್ ಸ್ವೋರ್ಡ್'ನಲ್ಲಿ ಕೈ ಬೀಸದೆ ಕತ್ತಿ ಬೀಸೋ ಹಾಗೇ ಇರಲಿಲ್ಲ. ಹತ್ತು ವರ್ಷ ಆದ್ಮೇಲೆ, 2021ರಲ್ಲಿ ಅದೇ ಆಟ ಸ್ವಿಚ್‌ಗೆ ಬಂದಾಗ, ಬೇಕಾದ್ರೆ ಸ್ಟಿಕ್‌ನಲ್ಲೇ ಕತ್ತಿ ಆಡಿಸಬಹುದು ಅಂತ ಮಾಡಿದ್ರು. 2018ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ತಂತು: ಎರಡು ದೊಡ್ಡ ಬಟನ್, ಕಾಲಿಗೋ ಮೊಣಕೈಗೋ ಬೇಕಾದ ಸ್ವಿಚ್ ಜೋಡಿಸ್ಕೊಳ್ಳೋಕೆ ಸಾಲು ಸಾಲು ಪೋರ್ಟ್. "ನಿಮ್ಮ ಮೈಯೇ ಕಂಟ್ರೋಲರ್" ಅಂದ ಕಂಪನಿಯೇ, ಎಲ್ಲರ ಮೈ ಒಂದೇ ಥರ ಇರಲ್ಲ ಅನ್ನೋದಕ್ಕೆ ಉತ್ತರ ಹುಡುಕಿತ್ತು.

ಆದ್ದರಿಂದ ನನ್ನ ಉತ್ತರ: ಬಟನ್ ಹೋಗಲ್ಲ, ಹೋಗಬೇಕಾಗೂ ಇಲ್ಲ. ಆಡೋ ರೀತಿ ಆರಿಸ್ಕೊಳ್ಳೋ ಅವಕಾಶ ಆಡೋರಿಗಿರಬೇಕು, ಅಷ್ಟೇ. ನಿಮ್ಮಲ್ಲಿ ಕೆಲವರು ನಾಳೆ ಗೇಮ್ ಮಾಡೋರು ಆಗ್ತೀರಿ. ಸೆಟ್ಟಿಂಗ್ಸ್ ಪುಟ ಬರೆಯೋವಾಗ ಇದನ್ನ ಮರೀಬೇಡಿ.

ಈಗ ನೀವು ಹೇಳಿ: ನಿಮ್ಮ ಮನೇಲಿ ಗೇಮ್ ಆಡದೇ ಇರೋರು ಯಾರು? ಎಲ್ಲಿ ಸಿಕ್ಕಿಹಾಕ್ಕೊಳ್ತಾರೆ? ಕಾಮೆಂಟ್‌ನಲ್ಲಿ ಬರೀರಿ.

#ಕನ್ನಡ #ಗೇಮ್‌ಇತಿಹಾಸ #ಕಂಟ್ರೋಲರ್‌ಕಥೆ