ವೀರಗಲ್ಲು, ಮಾಸ್ತಿಕಲ್ಲು ಮತ್ತು ನಿಸಿದಿ

ಮಡಿದವರ ನೆನಪಿಗೆ ಮಧ್ಯಯುಗದ ಕನ್ನಡ ನಾಡಿನಲ್ಲಿ ನಿಲ್ಲಿಸುತ್ತಿದ್ದ ಸ್ಮಾರಕ ಶಿಲೆಗಳು. ಬಾಳ್ಳುಪೇಟೆಯ ಆಸುಪಾಸಿನ ಸಕಲೇಶಪುರ–ಆಲೂರು ಸೀಮೆಯೂ ಸೇರಿದಂತೆ ಹಾಸನ ಜಿಲ್ಲೆಯಲ್ಲಿ ಇವು ಹೇರಳ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 5ನೇ ಸಂಪುಟ (1902) ಹಾಸನ ಜಿಲ್ಲೆಯ ಶಾಸನಗಳಿಗೇ ಮೀಸಲು. ಸಕಲೇಶಪುರ ಅದರಲ್ಲಿ ಮಂಜರಾಬಾದ್ ತಾಲ್ಲೂಕಿನಡಿ ಬರುತ್ತದೆ.

ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಪಟ್ಟಿಕೆ. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಅವನು. ತುರುಗಳನ್ನು ಬಿಡಿಸಲು ಹೋಗಿ ಸತ್ತ ಹಳ್ಳಿಗನಿಗೂ ದಂಡನಾಯಕನಿಗೂ ಒಂದೇ ಸ್ವರ್ಗ: ಅರಸರ ಪ್ರಶಸ್ತಿಗಳಲ್ಲಿ ಸುಳಿಯದ ಸಾಮಾನ್ಯರ ಹೆಸರು ಉಳಿದಿರುವುದು ಇಲ್ಲಿಯೇ ಎಂಬುದು ಈ ಕಲ್ಲುಗಳ ದೊಡ್ಡ ಬೆಲೆ. ಸಹಗಮನ ಮಾಡಿದವಳ ಮಾಸ್ತಿಕಲ್ಲಿನಲ್ಲಿ ಕಂಬದಿಂದ ಚಾಚಿ ಮೊಣಕೈಯಲ್ಲಿ ಮಡಿಚಿ ಮೇಲೆತ್ತಿದ ತೋಳು, ಅದರಲ್ಲಿ ಬಳೆ. ಆಕೆಯ ಹೆಸರು ಎಷ್ಟೋ ಕಡೆ ಇರುವುದೇ ಇಲ್ಲ.

ಒಡೆಯನೊಡನೆ ಸಾಯುವ ಪಣ ತೊಟ್ಟವರು ಗರುಡರು. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ, ಅರಸ ತೀರಿಕೊಂಡಾಗ (ಸು. 1220) ಮಡದಿ ಸುಗ್ಗಲದೇವಿ ಮತ್ತು ತನ್ನ ಪಡೆಯವರೊಡನೆ ಪ್ರಾಣ ಬಿಟ್ಟ. ಹಳೇಬೀಡಿನ ಹೊಯ್ಸಳೇಶ್ವರ ದೇಗುಲದ ಬಳಿ ಇವರ ನೆನಪಿಗೆ ನಿಲ್ಲಿಸಿದ ಗರುಡಗಂಬದಲ್ಲಿ ಕತ್ತಿಯಿಂದ ತಮ್ಮನ್ನೇ ಕಡಿದುಕೊಳ್ಳುವ ಆಳುಗಳ ಕಿರುಶಿಲ್ಪಗಳಿವೆ. ಅದರ ಶಾಸನ ಅರ್ಧಕ್ಕೇ ನಿಂತಿದೆ.

ಜೈನರ ನಿಸಿದಿಯಲ್ಲಿ ಕಾಳಗವಿಲ್ಲ. ಆಹಾರ ತೊರೆದು ಸಾಯುವ ಸಲ್ಲೇಖನ ವ್ರತದಿಂದ ದೇಹ ಬಿಟ್ಟವರಿಗೆ ಅದು ಮೀಸಲು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಡದಿ ಲಕ್ಷ್ಮೀಮತಿಯ ನಿಸಿದಿ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿದೆ.