ತುಳುನಾಡಿನ ಜೈನಸೀಮೆ ಮತ್ತು ಮುಸಲ್ಮಾನರು: ಕೆಲವು ತಪ್ಪು ತಿಳಿವಳಿಕೆಗಳು

ಬೆಳ್ತಂಗಡಿಯ ಕಡೆಗೆ ಪಯಣಿಸುವವರಿಗೆ ಬಹುದೂರದಿಂದಲೇ ಕಾಣುವುದು ಗಡಾಯಿಕಲ್ಲು. ನರಸಿಂಹಗಡವೆಂದು ಹೆಸರಾಗಿದ್ದ ಆ ಬಂಡೆಯ ನೆತ್ತಿಯ ಮೇಲೆ ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆಯನ್ನು ಕಟ್ಟಿಸಿ, ತಾಯಿಯ ನೆನಪಿಗಾಗಿ ಅದನ್ನು ಜಮಲಾಬಾದ್ ಎಂದು ಕರೆದನು. ಈ ಕೋಟೆ ಕಣ್ಣನ್ನು ತುಂಬುವಷ್ಟೇ ಮನಸ್ಸನ್ನೂ ತುಂಬಿಕೊಂಡಿದೆ. ತುಳುನಾಡಿನ ಮುಸಲ್ಮಾನರ ಚರಿತ್ರೆ ಹೈದರಾಲಿ, ಟಿಪ್ಪುಗಳ ಕಾಲದಿಂದ ಆರಂಭವಾಗುತ್ತದೆ, ಇಸ್ಲಾಂ ಇಲ್ಲಿಗೆ ಸೇನೆಯ ಬೆನ್ನುಹತ್ತಿ ಬಂತು ಎಂಬ ಭಾವನೆ ವಿದ್ಯಾವಂತರಲ್ಲಿಯೂ ಉಳಿದುಬಂದಿದೆ. ಇದರ ಜೊತೆಗೆ ಇನ್ನೆರಡು ತಿಳಿವಳಿಕೆಗಳಿವೆ. ಮುಸಲ್ಮಾನರೆಂದರೆ ಅರಬರು, ಅರಬರೆಂದರೆ ಮುಸಲ್ಮಾನರು ಎಂಬುದು ಒಂದು. ಹಿಂದಿನವರು ಜಗಳವೆಂಬುದನ್ನೇ ಅರಿಯದೆ ಬಾಳಿದರು ಎಂಬುದು ಇನ್ನೊಂದು. ಮೊದಲಿನವು ದ್ವೇಷಕ್ಕೂ ಕೊನೆಯದು ಸದ್ಭಾವನೆಗೂ ಒದಗುತ್ತವೆ. ಆದರೆ ಆಧಾರಗಳ ಮುಂದೆ ಮೂರೂ ನಿಲ್ಲುವುದಿಲ್ಲ.

ಮೊದಲು ನೆಲದ ಸ್ವರೂಪವನ್ನು ಗಮನಿಸಬೇಕು. ಇಂದಿನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳು ಬಹುಕಾಲ ಜೈನ ಅರಸುಮನೆತನಗಳ ಸೀಮೆಗಳಾಗಿದ್ದವು. ಬಂಗಾಡಿ ಮತ್ತು ನಂದಾವರಗಳಲ್ಲಿ ಬಂಗರು, ವೇಣೂರಿನಲ್ಲಿ ಅಜಿಲರು, ಪುತ್ತಿಗೆ ಮತ್ತು ಮೂಡುಬಿದಿರೆಗಳಲ್ಲಿ ಚೌಟರು ಆಳಿದರು. ಈ ಒಳನಾಡಿನ ಅಕ್ಕಿ, ಮೆಣಸು, ಅಡಿಕೆಗಳು ಕಡಲನ್ನು ಸೇರಬೇಕಾಗಿತ್ತು. ನೇತ್ರಾವತಿಯ ದಂಡೆಯ ಬಂಟ್ವಾಳ ಪೇಟೆಯಾಗಿ ಬೆಳೆದುದಕ್ಕೆ ಮಂಗಳೂರಿನಿಂದ ಅಲ್ಲಿಯವರೆಗೆ ದೋಣಿ ನಡೆಯುತ್ತಿದ್ದುದೇ ಮುಖ್ಯ ಕಾರಣ. ಕಡಲಿನ ಆಚೆ ಈ ಸರಕನ್ನು ಕೊಳ್ಳುತ್ತಿದ್ದವರು ಪರ್ಶಿಯಾ ಕೊಲ್ಲಿಯ ಮತ್ತು ಯೆಮನಿನ ವರ್ತಕರು. ಆದ್ದರಿಂದ ಈ ಸೀಮೆಯ ಬಸದಿಗಳ ಸಂಪತ್ತನ್ನೂ ಕರಾವಳಿಯ ಮುಸಲ್ಮಾನ ನೆಲೆಗಳನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಓದುವುದು ಸರಿಯಲ್ಲ. 1430ರಲ್ಲಿ ನಿರ್ಮಾಣಗೊಂಡ ಮೂಡುಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿಯ ಭೈರಾದೇವಿ ಮಂಟಪದ ಅಧಿಷ್ಠಾನದಲ್ಲಿ ಆಫ್ರಿಕಾದ ಜಿರಾಫೆಯೂ ಚೀನಾದ ಡ್ರಾಗನ್ನೂ ಕೆತ್ತನೆಗೊಂಡಿವೆ. ಆ ರೂಪಗಳನ್ನು ಶಿಲ್ಪಿಗೆ ಪರಿಚಯಿಸಿದ್ದು ಕಡಲ ದಾರಿಯೇ.

ಆ ದಾರಿಯ ಸ್ಪಷ್ಟವಾದ ಸಾಕ್ಷಿ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ. 1342ರ ಸುಮಾರಿಗೆ ಮಂಗಳೂರಿಗೆ ಬಂದ ಅವನು, ಫಾರ್ಸ್ ಮತ್ತು ಯೆಮನಿನ ವರ್ತಕರು ಇಲ್ಲಿ ಇಳಿಯುತ್ತಿದ್ದುದನ್ನೂ ಪಟ್ಟಣದ ಪಕ್ಕದಲ್ಲಿ ಸುಮಾರು 4000 ಮುಸಲ್ಮಾನರು ನೆಲೆಸಿದ್ದುದನ್ನೂ ದಾಖಲಿಸಿದ್ದಾನೆ. ಇದು ಜಮಲಾಬಾದ್ ಕೋಟೆಗಿಂತ ನಾಲ್ಕೂವರೆ ಶತಮಾನಗಳಷ್ಟು ಹಿಂದಿನ ಮಾತು. ಆಗ ಮಂಗಳೂರನ್ನು ಆಳುತ್ತಿದ್ದವನು ಮುಸಲ್ಮಾನನಲ್ಲ. ಇಬ್ನ್ ಬತೂತ ಅವನನ್ನು ರಾಮದೇವನೆಂಬ ಅರ್ಥದ ಹೆಸರಿನಿಂದ ಕರೆಯುತ್ತಾನೆ. ಜೊತೆಗೆ 'ಸುಲ್ತಾನ' ಎಂದೂ ಕರೆಯುತ್ತಾನೆ. ಅವನ ಬರವಣಿಗೆಯಲ್ಲಿ ಆ ಪದಕ್ಕೆ ಅರಸು ಎಂಬುದಷ್ಟೇ ಅರ್ಥ.

ಇದಕ್ಕೆ ಪೂರಕವಾದ ಇನ್ನೊಂದು ಸಾಕ್ಷ್ಯ ಧರ್ಮಶಾಸ್ತ್ರದ್ದು. ಕರಾವಳಿಯ ಬ್ಯಾರಿ ಮುಸಲ್ಮಾನರು ಬಹುಮಟ್ಟಿಗೆ ಶಾಫಿ ಪಂಥದವರು. ದೆಹಲಿ ಮತ್ತು ದಖನ್ನಿನ ರಾಜ್ಯಗಳ ಮೂಲಕ ಹರಡಿದ್ದು ಹನಫಿ ಪಂಥ. ಶಾಫಿ ಪಂಥ ಯೆಮನ್, ಪೂರ್ವ ಆಫ್ರಿಕಾ, ಮಲಬಾರು, ಇಂಡೋನೇಷ್ಯಾಗಳ ತೀರಗಳನ್ನು ಹಿಡಿದು ಸಾಗುತ್ತದೆ. ಮಂಗಳೂರಿನಲ್ಲಿ ಇಬ್ನ್ ಬತೂತನನ್ನು ಎದುರುಗೊಂಡ ಖಾಜಿಯೂ ಶಾಫಿ ಪಂಥದವನೇ. ಇಸ್ಲಾಂ ಇಲ್ಲಿಗೆ ಯಾವ ದಾರಿಯಿಂದ ಬಂತು ಎಂಬ ಪ್ರಶ್ನೆಗೆ ಒಂದು ಸಮುದಾಯದ ನಿತ್ಯದ ಆಚರಣೆಯೇ ಉತ್ತರ ಹೇಳುತ್ತಿದೆ. ದಂಡಿನ ದಾರಿ ಘಟ್ಟದ ಮೇಲಿನದು. ಈ ಪಂಥದ ದಾರಿ ನೀರಿನದು.

ಭಾಷೆಯೂ ಇದನ್ನೇ ಸೂಚಿಸುತ್ತದೆ. ಬ್ಯಾರಿಗಳು ಅರಬರ ವಂಶದವರೇ ಆಗಿದ್ದರೆ ಅವರ ಮನೆಮಾತಿನಲ್ಲಿ ಅದರ ಗುರುತು ಢಾಳಾಗಿ ಇರಬೇಕಾಗಿತ್ತು. ಬ್ಯಾರಿ ಭಾಷೆಯದು ಮಲಯಾಳಕ್ಕೆ ಸಮೀಪವಾದ ದ್ರಾವಿಡ ನೆಲೆಗಟ್ಟು. ಅದರ ಉಚ್ಚಾರಣೆಯ ಮೇಲೂ ಪದಕೋಶದ ಮೇಲೂ ತುಳುವಿನ ಪ್ರಭಾವ ದಟ್ಟವಾಗಿದೆ. ಅರಬ್ಬಿ ಪದಗಳು ಹೆಚ್ಚಾಗಿ ಧಾರ್ಮಿಕ ಬದುಕಿಗೆ ಸಂಬಂಧಿಸಿದವು. ಬ್ಯಾರಿ ಎಂಬ ಹೆಸರನ್ನೇ ಹಲವು ವಿದ್ವಾಂಸರು ತುಳುವಿನಲ್ಲಿ ವ್ಯಾಪಾರವೆಂಬ ಅರ್ಥದ 'ಬ್ಯಾರ' ಪದದಿಂದ ನಿಷ್ಪನ್ನಗೊಳಿಸುತ್ತಾರೆ. ಪರದೇಶದ ವರ್ತಕರು ಬಂದದ್ದು ನಿಜ, ಅವರಲ್ಲಿ ಕೆಲವರು ಇಲ್ಲಿಯೇ ನೆಲೆಸಿದ್ದೂ ನಿಜ. ಆದರೆ ಸಮುದಾಯವಾಗಿ ಬೆಳೆದದ್ದು ಈ ಮಣ್ಣಿನವರೇ. ಕರ್ನಾಟಕ ಸರ್ಕಾರವು ಬ್ಯಾರಿ ಸಾಹಿತ್ಯ ಅಕಾಡೆಮಿಯನ್ನು 2007ರಲ್ಲಿ ಸ್ಥಾಪಿಸಿದಾಗ ಮನ್ನಣೆ ಪಡೆದದ್ದು ತುಳುನಾಡಿನ ಒಂದು ದೇಶಭಾಷೆ.

ಅರಬ್ಬಿ ಸಂಸ್ಕೃತಿಯೆಂದರೆ ಇಸ್ಲಾಂ ಮಾತ್ರವೆಂಬ ಎಣಿಕೆಗೂ ಮಂಗಳೂರಿನಲ್ಲಿಯೇ ಪ್ರತ್ಯುತ್ತರವಿದೆ. 12ನೆಯ ಶತಮಾನದಲ್ಲಿ ಟ್ಯುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕ ಇಲ್ಲಿ ಸುಮಾರು 17 ವರ್ಷ ನೆಲೆಸಿದ್ದನು. ಕೈರೋದ ಹಳೆಯ ಯಹೂದಿ ಮಂದಿರದ ಕಾಗದರಾಶಿಯಲ್ಲಿ ಅವನ ಪತ್ರಗಳು ದೊರೆತಿವೆ. ಅವನ ವ್ಯವಹಾರದ ಭಾಷೆ ಅರಬ್ಬಿ, ಲಿಪಿ ಹೀಬ್ರೂ, ಧರ್ಮ ಯಹೂದಿ. ಏಡನ್ನಿನಿಂದ ಅವನಿಗೆ ಕಾಗದ ಮತ್ತು ಸಕ್ಕರೆ ಬರುತ್ತಿದ್ದವು. ಇಲ್ಲಿಂದ ಮೆಣಸು, ಅಡಿಕೆ, ಕಬ್ಬಿಣ ಹೋಗುತ್ತಿದ್ದವು. ಅವನ ಪರವಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಸೇವಕನ ಹೆಸರು ಬೊಮ್ಮ ಎಂದು ವಿದ್ವಾಂಸರು ಓದಿದ್ದಾರೆ. ಅಮಿತಾವ್ ಘೋಷ್ ಅವರ ಬರಹಗಳಿಂದ ಈ ತುಳುವನ ಹೆಸರು ಲೋಕಕ್ಕೆ ಪರಿಚಿತವಾಯಿತು. ಅರಬ್ಬಿ ಮಾತನಾಡಿದವರೆಲ್ಲ ಮುಸಲ್ಮಾನರಲ್ಲ. ಹಾಗೆಯೇ ಇಲ್ಲಿಗೆ ಬಂದ ಮುಸಲ್ಮಾನರೆಲ್ಲ ಅರಬರೂ ಅಲ್ಲ. 1443ರಲ್ಲಿ ಮಂಗಳೂರಿನ ಮೂಲಕ ವಿಜಯನಗರಕ್ಕೆ ಸಾಗಿದ ರಾಯಭಾರಿ ಅಬ್ದುರ್ ರಜಾಕ್ ಹೆರಾತಿನವನು, ಪಾರ್ಸಿ ಭಾಷೆಯಲ್ಲಿ ಬರೆದವನು. ಮಂಗಳೂರಿನ ಸಮೀಪದ ಒಂದು ದೇವಾಲಯವನ್ನು ಅವನು ಲೋಕದಲ್ಲಿಯೇ ಸಾಟಿಯಿಲ್ಲದ್ದೆಂದು ಬಣ್ಣಿಸಿದ್ದಾನೆ.

ಹಾಗಾದರೆ ಎಲ್ಲವೂ ಸೌಹಾರ್ದವೇ ಆಗಿತ್ತೆ? ಅಲ್ಲ. ಮಂಗಳೂರಿನ ಮುಸಲ್ಮಾನರಿಗೂ ಪಟ್ಟಣಿಗರಿಗೂ ಆಗಾಗ ಕಾದಾಟ ನಡೆಯುತ್ತಿತ್ತೆಂದು ಇಬ್ನ್ ಬತೂತನೇ ಬರೆಯುತ್ತಾನೆ. ವರ್ತಕರು ತನಗೆ ಬೇಕಾದವರಾದ್ದರಿಂದ ಅರಸನೇ ಸಂಧಿ ಮಾಡಿಸುತ್ತಿದ್ದನು. ಅರಸನ ಮಗನನ್ನು ಒತ್ತೆಯಾಗಿ ಹಡಗಿಗೆ ಕಳುಹಿಸಿದ ಮೇಲೆಯೇ ಆ ಪ್ರವಾಸಿ ದಡಕ್ಕೆ ಇಳಿದನು. ಇದು ಪ್ರೀತಿಯ ಕಥೆಯಲ್ಲ, ಒಪ್ಪಂದದ ಕಥೆ.

ಒಪ್ಪಂದದಿಂದ ಬಂದ ಶಾಂತಿಯನ್ನು ಕೀಳೆಂದು ಎಣಿಸಬೇಕಾಗಿಲ್ಲ. ಜೈನರಿಗಂತೂ ಅದರ ಬೆಲೆ ಗೊತ್ತು. ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವಿವಾದವನ್ನು ವಿಜಯನಗರದ ಬುಕ್ಕರಾಯನು ಬಗೆಹರಿಸಿದ ಸಂಗತಿಯನ್ನು ಶ್ರವಣಬೆಳಗೊಳದ 1368ರ ಶಾಸನ ದಾಖಲಿಸುತ್ತದೆ. ಆ ಶಾಸನ ಸದ್ಭಾವನೆಯ ಮಾತಿಗೆ ನಿಲ್ಲುವುದಿಲ್ಲ. ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ ಎತ್ತಬೇಕು, ಅದರಿಂದ ಬೆಳಗೊಳದ ದೇವರಿಗೆ 20 ಕಾವಲುಗಾರರನ್ನು ನೇಮಿಸಬೇಕು, ಉಳಿದುದರಲ್ಲಿ ಜೀರ್ಣ ಬಸದಿಗಳಿಗೆ ಸುಣ್ಣ ಬಳಿಸಬೇಕು ಎಂದು ವಿವರವಾಗಿ ಹೇಳುತ್ತದೆ. ಮತಗಳ ನಡುವಣ ಶಾಂತಿಗೆ ಕಾವಲು ಬೇಕು, ಆ ಕಾವಲಿಗೆ ಖರ್ಚು ಬೇಕು ಎಂಬ ಅರಿವು ಅಲ್ಲಿದೆ.

16ನೆಯ ಶತಮಾನದಲ್ಲಿ ಪೋರ್ಚುಗೀಸರು ಕಡಲಿನ ಮೇಲೆ ಒಡೆತನ ಸಾಧಿಸಿ ಕಪ್ಪ ಕೇಳಿದಾಗ ಈ ಸಂಬಂಧಗಳು ಪರೀಕ್ಷೆಗೆ ಒಳಗಾದವು. ಉಳ್ಳಾಲದ ಚೌಟ ರಾಣಿಯರು ಜೈನರು. ಅಬ್ಬಕ್ಕ ಎಂಬ ಹೆಸರಿನಲ್ಲಿ ಒಬ್ಬರಿಗಿಂತ ಹೆಚ್ಚು ರಾಣಿಯರ ನೆನಪು ಬೆರೆತಿದೆ. ಅವರ ಮಿತ್ರನಾದ ಕಲ್ಲಿಕೋಟೆಯ ಸಾಮೂದಿರಿ ಹಿಂದೂ ಅರಸ. ಅವನ ನೌಕಾದಳದ ನಾಯಕರಾದ ಕುಂಞಾಲಿ ಮರಕ್ಕಾರರು ಮುಸಲ್ಮಾನರು. ಧರ್ಮ ಬೇರೆಯಾಗಿದ್ದರೂ ಅವರನ್ನು ಒಂದುಗೂಡಿಸಿದ್ದು ಕಡಲಿನ ಸ್ವಾತಂತ್ರ್ಯ. ಅಬ್ಬಕ್ಕನ ಹೆಸರಿನ ಅಧ್ಯಯನ ಕೇಂದ್ರ ಮತ್ತು ತುಳು ಬದುಕಿನ ವಸ್ತುಸಂಗ್ರಹಾಲಯ ಇಂದು ಬಂಟ್ವಾಳದಲ್ಲಿವೆ.

ಟಿಪ್ಪುವಿನ ಕಾಲದ ನೋವುಗಳನ್ನು ಮರೆಮಾಚುವ ಅಗತ್ಯವೂ ಇಲ್ಲ. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದು ಚಾರಿತ್ರಿಕ ಸತ್ಯ. 1791ರಲ್ಲಿ ಮರಾಠಾ ದಳದ ದಾಳಿಗೆ ತುತ್ತಾದ ಶೃಂಗೇರಿ ಮಠಕ್ಕೆ ಅದೇ ಅರಸನು ನೆರವಾದದ್ದೂ ಸತ್ಯ. ಎರಡೂ ಅರಸೊತ್ತಿಗೆಯ ನಡೆಗಳು. ಅವುಗಳ ಹೊಣೆಯನ್ನಾಗಲಿ ಕೀರ್ತಿಯನ್ನಾಗಲಿ ಬಂಟ್ವಾಳದ ಪೇಟೆಯ ಬ್ಯಾರಿಗೆ ಹೊರಿಸಲಾಗದು. ತುಳುನಾಡಿನ ಜೈನ ಅರಸೊತ್ತಿಗೆಯ ಬಲ ಕುಗ್ಗಲು ತೊಡಗಿದ್ದೂ ಟಿಪ್ಪುವಿನಿಂದಲ್ಲ. ಅದಕ್ಕೂ ಒಂದೂವರೆ ಶತಮಾನ ಮೊದಲೇ ಕೆಳದಿಯ ವೆಂಕಟಪ್ಪ ನಾಯಕನ ವಿಸ್ತರಣೆ ಆ ಕೆಲಸವನ್ನು ಆರಂಭಿಸಿತ್ತು. ಇದನ್ನು ಜೈನ ಚರಿತ್ರೆಯನ್ನು ಬರೆಯುವವರು ಪ್ರಾಮಾಣಿಕವಾಗಿ ಹೇಳಬೇಕು.

ಜೈನ ತರ್ಕಶಾಸ್ತ್ರದಲ್ಲಿ ನಯವೆಂಬ ಪರಿಕಲ್ಪನೆಯಿದೆ. ವಸ್ತುವಿನ ಒಂದು ಮುಖವನ್ನು ಹಿಡಿಯುವ ದೃಷ್ಟಿ ನಯ. ಆ ಒಂದು ಮುಖವೇ ಸಮಸ್ತ ವಸ್ತುವೆಂದು ಹಟ ಹಿಡಿದರೆ ಅದು ದುರ್ನಯ. ಗಡಾಯಿಕಲ್ಲಿನ ಕೋಟೆ ಒಂದು ನಯವನ್ನು ಕೊಡುತ್ತದೆ, ಇಬ್ನ್ ಬತೂತನ ಬರಹ ಇನ್ನೊಂದನ್ನು, ಬೆನ್ ಯಿಜುವಿನ ಪತ್ರಗಳು ಮತ್ತೊಂದನ್ನು. ಮೂಲ್ಕಿಯ ಬಪ್ಪನಾಡಿನ ದುರ್ಗಾಪರಮೇಶ್ವರಿ ದೇಗುಲವನ್ನು ಬಪ್ಪ ಬ್ಯಾರಿಯೊಂದಿಗೆ ಜೋಡಿಸುವ ಐತಿಹ್ಯಕ್ಕೆ ಕಾಲನಿರ್ಣಯ ಸಾಧ್ಯವಾಗದಿದ್ದರೂ, ಜನರು ತಮ್ಮ ನೆರೆಹೊರೆಯನ್ನು ಹೇಗೆ ನೆನಪಿಟ್ಟುಕೊಳ್ಳಬಯಸಿದರು ಎಂಬುದಕ್ಕೆ ಅದು ಆಧಾರ. ಬೆಳ್ತಂಗಡಿ ತಾಲೂಕಿನದೇ ಆದ ಧರ್ಮಸ್ಥಳದಲ್ಲಿ ಜೈನ ಹೆಗ್ಗಡೆ ಮನೆತನದ ಆಡಳಿತ, ಶಿವನ ಸನ್ನಿಧಿ, ವೈಷ್ಣವ ಅರ್ಚಕರ ಪೂಜೆ ಒಂದೇ ವ್ಯವಸ್ಥೆಯೊಳಗೆ ನಡೆಯುತ್ತವೆ. ಈ ವ್ಯವಸ್ಥೆಗಳನ್ನು ಯಾರು ಏರ್ಪಡಿಸಿದರು, ಯಾವ ಅಗತ್ಯದಿಂದ ಏರ್ಪಡಿಸಿದರು, ಯಾವ ಖರ್ಚಿನಲ್ಲಿ ಕಾಪಾಡಿದರು ಎಂದು ಕೇಳುವುದು ಸಂಶೋಧಕರ ಕೆಲಸ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಊರು ಊರಿನ ಮಟ್ಟದಲ್ಲಿ ಆ ಕೆಲಸ ಇನ್ನೂ ಬಹಳಷ್ಟು ಉಳಿದಿದೆ.